ಮೆಟ್ರೊದಲ್ಲಿ ಮದುಮಗಳು

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಏಳುನೂರು ಪುಟಗಳ ಆಸುಪಾಸಿನ ಕಾದಂಬರಿ. ಆತುರವಿಲ್ಲದೆ, ಎದುರು ಕೂತವರಿಗೆ ಕೇಳುವಂತೆ ಓದಿದರೆ ಪುಟಕ್ಕೆ ಎರಡೂವರೆ ನಿಮಿಷವಾದರೂ ಬೇಕು. ಆ ಲೆಕ್ಕದಲ್ಲಿ ಇಡೀ ಪುಸ್ತಕಕ್ಕೆ 29 ಗಂಟೆ. ಕಾಡುಗೋಡಿಯಿಂದ ಎಂ.ಜಿ. ರಸ್ತೆಗೆ ನೇರಳೆ ಮಾರ್ಗದಲ್ಲಿ ಹೋಗಿ ಬರುವವರು ದಿನಕ್ಕೆ ಏನಿಲ್ಲವೆಂದರೂ 80 ನಿಮಿಷ ರೈಲಿನೊಳಗೆ ಇರುತ್ತಾರೆ. ಅಂದರೆ 22 ಕೆಲಸದ ದಿನಗಳಲ್ಲಿ, ಒಂದು ಸಂಬಳದಿಂದ ಇನ್ನೊಂದು ಸಂಬಳದೊಳಗೆ, ನಾಯಿಗುತ್ತಿ, ತಿಮ್ಮಿ, ಮುಕುಂದಯ್ಯ, ಚಿನ್ನಮ್ಮ ಎಲ್ಲರ ಕಥೆಯೂ ಕಿವಿಯ ಮೂಲಕ ಮುಗಿದುಹೋಗುತ್ತದೆ.

ಲೆಕ್ಕವೇನೋ ಚೆನ್ನಾಗಿದೆ. ಆದರೆ ಆ ಕಾದಂಬರಿಯನ್ನು ಹಾಗೆ ಕೇಳಬೇಕೇ?

ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ಪ್ರಶ್ನೆ ಬರಿಯ ರುಚಿಯದ್ದಲ್ಲ, ಜಾಗದ್ದು. ವೈಟ್‌ಫೀಲ್ಡ್ ಕಡೆಯ ಮೆಟ್ರೊ 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದವರೆಗೆ ಬಂತು, ಬೈಯಪ್ಪನಹಳ್ಳಿಯ ಕೊಂಡಿ ಸೇರಿದ್ದು ಅದೇ ವರ್ಷದ ಅಕ್ಟೋಬರ್ 9ರಂದು. ಟಿನ್ ಫ್ಯಾಕ್ಟರಿಯ ಬಳಿ ಬಸ್ಸಿನಲ್ಲಿ ಕೂತು ಅರ್ಧ ಕಾದಂಬರಿ ಓದುತ್ತಿದ್ದವರಿಗೆ ಆ ಸೌಭಾಗ್ಯ ಅಲ್ಲಿಗೆ ತಪ್ಪಿತು. ಈಗ ಬೆಳಗಿನ ಒಂಬತ್ತರ ಹೊತ್ತಿಗೆ ಕೆ.ಆರ್. ಪುರದಲ್ಲಿ ರೈಲು ಹತ್ತಿದವರ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈ ಎದೆಯ ಕಡೆಗೆ ತಿರುಗಿಸಿ ಹಾಕಿಕೊಂಡ ಬ್ಯಾಗಿನ ಮೇಲೆ. ಏಳುನೂರು ಪುಟದ ಪುಸ್ತಕ ಬಿಡಿಸಲು ಮೂರನೆಯ ಕೈ ಬೇಕು. ಹಲಸೂರು, ಟ್ರಿನಿಟಿ ದಾಟುವವರೆಗೂ ನಿಂತಿರುವ ಆ ಗುಂಪಿನಲ್ಲಿ ಹತ್ತಕ್ಕೆ ಏಳು ಕಿವಿಗಳಲ್ಲಿ ಇಯರ್‌ಫೋನ್. ಅದರಲ್ಲಿ ಎಷ್ಟು ಜನ ಪುಸ್ತಕ ಕೇಳುತ್ತಿದ್ದಾರೆ, ಎಷ್ಟು ಜನ ಮೀಟಿಂಗ್‌ನಲ್ಲಿದ್ದಾರೆ ಎಂಬುದು ಅವರವರ ಮುಖ ನೋಡಿ ಊಹಿಸಬೇಕಾದ ಮಾತು.

ಹೀಗಾಗಿ ‘ಪುಸ್ತಕವೋ, ಪರದೆಯೋ, ಧ್ವನಿಯೋ’ ಎಂಬ ಚರ್ಚೆ ಎದ್ದಾಗ ಉತ್ತರವೆಲ್ಲ ಓದುಗರ ಅನುಕೂಲದ ಸುತ್ತಲೇ ತಿರುಗುತ್ತದೆ: ಹಗುರವೇ, ಅಗ್ಗವೇ, ಅಡುಗೆ ಮಾಡುತ್ತ ಕೇಳಬಹುದೇ. ಪುಸ್ತಕಕ್ಕೆ ಯಾವುದು ಒಗ್ಗುತ್ತದೆ ಎಂದು ಕೇಳುವವರು ಕಡಿಮೆ. ಉದ್ದದ ಪುಸ್ತಕಗಳ ಮಟ್ಟಿಗಂತೂ ಮೊದಲು ಕೇಳಬೇಕಾದ್ದು ಅದೇ.

‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದರಲ್ಲಿ ಒಬ್ಬ ನಾಯಕ, ಒಬ್ಬಳು ನಾಯಕಿ ಎಂದು ಗೆರೆ ಎಳೆಯಲು ಬರುವುದಿಲ್ಲ. ಸಿಂಬಾವಿ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿ, ಮೇಗರವಳ್ಳಿ ಎಂದು ಮನೆಗಳು, ಊರುಗಳು; ಪ್ರತಿ ಮನೆಗೆ ಗೌಡರು, ಹೆಗ್ಗಡೆಗಳು, ಆಳುಗಳು, ಅವರವರ ಜಗಳ, ಸಾಲ, ಮದುವೆ. ಹುಲಿಯ ಎಂಬ ನಾಯಿ ಕೂಡ ಪಾತ್ರವೇ. ಒಂದು ಕಥೆ ಕಾಡಿನ ಒಂದು ದಾರಿಯಲ್ಲಿ ನಿಂತುಬಿಡುತ್ತದೆ. ನೂರು ಪುಟ ಕಳೆದ ಮೇಲೆ ಇನ್ನೊಂದು ದಾರಿಯಿಂದ ಬಂದು ಸೇರುತ್ತದೆ. ಇಂಥ ಪುಸ್ತಕ ಹಿಂದಕ್ಕೆ ತಿರುವಿ ನೋಡುವ ಓದುಗರನ್ನು ಬೇಡುತ್ತದೆ. ಈ ಆಳು ಯಾವ ಮನೆಯವನು, ಈ ಹೆಂಗಸು ಯಾರ ಮಗಳು ಎಂದು ಸಂಶಯ ಬಂದಾಗ ಕಾಗದದ ಪುಸ್ತಕದಲ್ಲಿ ತೋರುಬೆರಳನ್ನು ಇದ್ದ ಪುಟದಲ್ಲೇ ಇಟ್ಟು ಹೆಬ್ಬೆರಳಿನಿಂದ ಹಿಂದಕ್ಕೆ ಹೋಗಬಹುದು. ಎಡಗಡೆ ಪುಟ, ಕೆಳಗಿನಿಂದ ನಾಲ್ಕೈದು ಸಾಲು ಮೇಲೆ ಎಂದು ಕಣ್ಣಿಗೇ ನೆನಪಿರುತ್ತದೆ. ಧ್ವನಿಯಲ್ಲಿ ಆ ಸೌಕರ್ಯ ಇಲ್ಲ. ಹದಿನೈದು ಸೆಕೆಂಡ್ ಹಿಂದಕ್ಕೆ ಹೋಗುವ ಗುಂಡಿ ಇದೆ; ಹೋದ ವಾರ ಬೆಟ್ಟಳ್ಳಿಯಲ್ಲಿ ನಡೆದದ್ದಕ್ಕೆ ಹೋಗುವ ಗುಂಡಿ ಇಲ್ಲ.

ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಬೇರೆ ಜಾತಿಯದು. ಅದೂ ದಪ್ಪ ಪುಸ್ತಕವೇ. ಆದರೆ ಶಲ್ಯ, ಕುಂತಿ, ದ್ರೌಪದಿ, ಭೀಮ ಎಂದು ಒಂದೊಂದು ಭಾಗವೂ ಒಬ್ಬರ ಮನಸ್ಸಿನೊಳಗೆ ಕೂತು ಹರಿಯುತ್ತದೆ. ಪಾತ್ರಗಳ ಪರಿಚಯ ಮಹಾಭಾರತದಿಂದಲೇ ಆಗಿರುವುದರಿಂದ ಯಾರ ಮಗ ಯಾರು ಎಂದು ಹುಡುಕುವ ಕೆಲಸವೂ ಇಲ್ಲ. ಒಳ್ಳೆಯ ಕಂಠವೊಂದು ಸಿಕ್ಕರೆ ಕುಂತಿಯ ನೆನಪುಗಳನ್ನು ಕೇಳುತ್ತ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಒಂದು ಗಂಟೆ ಕೂರುವುದು ಶಿಕ್ಷೆಯಾಗಲಾರದು. ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೂ ಕಿವಿಯ ದಾರಿ ಒಗ್ಗುತ್ತದೆ. ಅದರ ಮಾತುಗಾರಿಕೆ, ಮುತ್ತಿಗೆಯ ವರ್ಣನೆ ಎಲ್ಲವೂ ಗಟ್ಟಿಯಾಗಿ ಓದಿಸಿಕೊಳ್ಳಲೆಂದೇ ಬರೆದಂತಿವೆ. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ದಂಥ, ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಕುಟುಂಬದ ಹಲವು ತಲೆಮಾರುಗಳ ಕಥೆಯನ್ನು ಮಾತ್ರ ಕಾಗದದಲ್ಲೇ ಓದಬೇಕು. ಪಕ್ಕದಲ್ಲೊಂದು ಪೆನ್ಸಿಲ್ಲೂ ಇರಬೇಕು.

ಕೇಳುವುದು ಓದಿಗಿಂತ ಕಡಿಮೆ ದರ್ಜೆಯದು ಎಂಬ ಮಾತು ಕನ್ನಡದಲ್ಲಿ ನಿಲ್ಲುವುದಿಲ್ಲ. ಇಲ್ಲಿ ಉದ್ದದ ಪುಸ್ತಕಗಳನ್ನು ಶತಮಾನಗಳ ಕಾಲ ಹೆಚ್ಚಿನವರು ಕೇಳಿಯೇ ಬಲ್ಲರು. ಕುಮಾರವ್ಯಾಸನ ಭಾರತದಲ್ಲಿ ಹತ್ತು ಪರ್ವ, ಎಂಟು ಸಾವಿರಕ್ಕೂ ಮೀರಿದ ಷಟ್ಪದಿಗಳು. ಅದನ್ನು ಒಬ್ಬರೇ ಕೂತು ಮನಸ್ಸಿನಲ್ಲೇ ಓದಿ ಮುಗಿಸಿದವರಿಗಿಂತ ದೇವಸ್ಥಾನದ ಪ್ರಾಂಗಣದಲ್ಲಿ, ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಕೇಳಿದವರ ಸಂಖ್ಯೆ ದೊಡ್ಡದು. ಶಿವಮೊಗ್ಗದ ಹೊಸಹಳ್ಳಿ ಇಂದಿಗೂ ಗಮಕದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಶಿವಾಜಿನಗರದ ಉರ್ದು ಮನೆಗಳ ಹಿರಿಯರಿಗೂ ಇದು ಹೊಸತಲ್ಲ. ಲಖನೌದ ನವಲ್ ಕಿಶೋರ್ ಮುದ್ರಣಾಲಯ 46 ಸಂಪುಟಗಳಲ್ಲಿ ಅಚ್ಚು ಹಾಕಿದ ಅಮೀರ್ ಹಂಜಾನ ದಾಸ್ತಾನು ಮೊದಲು ಬಾಯಲ್ಲಿದ್ದು ಆಮೇಲೆ ಕಾಗದಕ್ಕೆ ಇಳಿದದ್ದು.

ಆದರೆ ಗಮಕಕ್ಕೂ ಈಗಿನ ಆಡಿಯೊ ಪುಸ್ತಕಕ್ಕೂ ಒಂದು ದೊಡ್ಡ ಅಂತರವಿದೆ. ಗಮಕದಲ್ಲಿ ಇಬ್ಬರು ಇರುತ್ತಾರೆ. ವಾಚನ ಮಾಡುವವರು ಒಂದೋ ಎರಡೋ ಪದ್ಯ ಹಾಡಿ ನಿಲ್ಲಿಸುತ್ತಾರೆ. ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಹಿಂದಿನ ಸಂಧಿಯಲ್ಲಿ ಏನಾಗಿತ್ತು, ಈ ಮಾತಿನ ಹಿಂದೆ ಯಾವ ಹಗೆ ಇದೆ ಎಂದು ನೆನಪಿಸುತ್ತಾರೆ. ಕೇಳುಗರು ಕಳೆದುಹೋಗದಂತೆ ನೋಡಿಕೊಳ್ಳುವ ಏರ್ಪಾಡು ಆ ಕಲೆಯ ಒಳಗೇ ಇದೆ. ಆಡಿಯೊ ಆ್ಯಪ್‌ನಲ್ಲಿ ವ್ಯಾಖ್ಯಾನಕಾರ ಇಲ್ಲ. ಬದಲಿಗೆ ವೇಗವನ್ನು ಒಂದೂವರೆ ಪಟ್ಟು ಮಾಡುವ ಗುಂಡಿ ಇದೆ. ನಿಲ್ಲಿಸಿ ಹೇಳುವ ಜಾಗದಲ್ಲಿ ಓಡಿಸುವ ಸೌಲಭ್ಯ. ಕನ್ನಡದಲ್ಲಿ ಉದ್ದದ ಕಾದಂಬರಿಗಳ ಆಡಿಯೊ ಮಾಡುವವರು ಪ್ರತಿ ಅಧ್ಯಾಯದ ಮೊದಲು ಅರ್ಧ ನಿಮಿಷದ ‘ಇಲ್ಲಿಯವರೆಗೆ’ ಸೇರಿಸಿದರೆ ಖರ್ಚು ಹೆಚ್ಚಲ್ಲ, ಉಪಕಾರ ಬಹಳ.

ಉದ್ದದ ಕೃತಿಯನ್ನು ಅದರ ಉದ್ದದಲ್ಲೇ ಜನರ ಮುಂದಿಡಬಹುದು ಎಂಬುದನ್ನು ರಂಗಭೂಮಿಯವರು ಮೊದಲೇ ಅರಿತಿದ್ದರು. ಸಿ. ಬಸವಲಿಂಗಯ್ಯ ನಿರ್ದೇಶನದ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ಇರುಳಿಡೀ, ಸುಮಾರು ಒಂಬತ್ತು ಗಂಟೆ ನಡೆಯಿತು. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆಯುತ್ತಿದ್ದರು. 2021ರಲ್ಲಿ ಪ್ರಕಾಶ್ ಬೆಳವಾಡಿ ರಂಗಾಯಣಕ್ಕೆ ‘ಪರ್ವ’ ಮಾಡಿಸಿದಾಗಲೂ ಏಳೆಂಟು ಗಂಟೆ ಜನ ಕೂತರು. ಉದ್ದದ ಕೃತಿಗೆ ಕನ್ನಡಿಗರಲ್ಲಿ ತಾಳ್ಮೆಯಿಲ್ಲ ಎನ್ನುವವರು ಆ ರಾತ್ರಿಗಳ ಸಾಲನ್ನು ನೋಡಬೇಕಿತ್ತು.

ಇನ್ನು ಇ-ರೀಡರ್. ಇಂಗ್ಲಿಷ್ ಓದುಗರಿಗೆ ದಪ್ಪ ಪುಸ್ತಕದ ತೊಂದರೆಯನ್ನು ಪರಿಹರಿಸಿದ್ದು ಇದೇ. ಇ-ಇಂಕ್ ಪರದೆ ಫೋನಿನ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ, ಒಂದೇ ಕೈಯಲ್ಲಿ ಹಿಡಿಯಬಹುದು, ಟಾಲ್‌ಸ್ಟಾಯ್ ಇದ್ದರೂ ತೂಕ ಇನ್ನೂರು ಗ್ರಾಂ ಆಸುಪಾಸು. ಹಿಡಿಕೆ ಹಿಡಿದು ನಿಂತವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ಕಂಪನಿಗೆ ಬೆಂಗಳೂರಿನಲ್ಲೇ ದೊಡ್ಡ ಕಚೇರಿಗಳಿವೆ ಎಂಬುದನ್ನು ಇಲ್ಲಿ ನೆನೆಯದೆ ಇರುವುದು ಕಷ್ಟ.

ಇದರ ಪರಿಣಾಮ ಕಾಣಬೇಕಾದರೆ ಹಲಸೂರಿಗೆ ಬರಬೇಕು. ಹಲಸೂರು ಕೆರೆಯ ಬಳಿ 1950ರಿಂದ ಇರುವ ಬೆಂಗಳೂರು ತಮಿಳು ಸಂಘವಿದೆ, ಅದಕ್ಕೊಂದು ಗ್ರಂಥಾಲಯವೂ ಇದೆ. ಅದೇ ವರ್ಷ ಶುರುವಾಗಿ 1954ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಕಲ್ಕಿ ಅವರ ‘ಪೊನ್ನಿಯಿನ್ ಸೆಲ್ವನ್’, ಐದು ಭಾಗಗಳ ಮಹಾ ಕಾದಂಬರಿ. ಕಲ್ಕಿ ಅವರ ಕೃತಿಗಳನ್ನು ತಮಿಳುನಾಡು ಸರ್ಕಾರ ರಾಷ್ಟ್ರೀಕರಿಸಿತು, ಅಂದರೆ ಯಾರು ಬೇಕಾದರೂ ಅಚ್ಚು ಹಾಕಬಹುದು. ಪ್ರಾಜೆಕ್ಟ್ ಮದುರೈ ಎಂಬ ಸ್ವಯಂಸೇವಕರ ಬಳಗ ಅದನ್ನು ಬೆರಳಚ್ಚು ಮಾಡಿ ಉಚಿತವಾಗಿ ಇಟ್ಟಿದೆ. ಕಿಂಡಲ್‌ನಲ್ಲಿದೆ, ಆಡಿಯೊದಲ್ಲಿದೆ, ಕಾಗದದಲ್ಲಿ ಹತ್ತಾರು ಆವೃತ್ತಿಗಳಿವೆ. ಹಲಸೂರಿನ ಒಂದೇ ಬೀದಿಯ ತಮಿಳು ಓದುಗರಿಗೆ ಮೂರು ದಾರಿ ತೆರೆದಿವೆ. ಎದುರು ಮನೆಯ ಕನ್ನಡ ಓದುಗರಿಗೆ ‘ಯಾವುದು ಒಳ್ಳೆಯದು’ ಎಂಬ ಪ್ರಶ್ನೆಗಿಂತ ‘ಯಾವುದು ಸಿಗುತ್ತದೆ’ ಎಂಬುದೇ ಮುಖ್ಯ.

ಇದಕ್ಕೆ ಕಂಪನಿಯನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ನಂತರ 60 ವರ್ಷ ಇರುತ್ತದೆ. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳು 2054ರ ಕೊನೆಯವರೆಗೆ, 1997ರಲ್ಲಿ ನಿಧನರಾದ ಶಿವರಾಮ ಕಾರಂತರ ಕೃತಿಗಳು 2057ರ ಕೊನೆಯವರೆಗೆ ಹಕ್ಕುದಾರರ ಅನುಮತಿಯಲ್ಲೇ ಬರಬೇಕು. ಅದು ನ್ಯಾಯವೇ. ಎರಡನೆಯ ತೊಡಕು ಅಕ್ಷರದ್ದು. ಕನ್ನಡದ ಎಷ್ಟೋ ಪುಸ್ತಕಗಳ ಡಿಟಿಪಿ ಕಡತಗಳು ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿವೆ. ಅವನ್ನು ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ಬದಲಿಸಿ ಕೂರುತ್ತವೆ. ಏಳುನೂರು ಪುಟವನ್ನು ಮತ್ತೆ ಕರಡು ತಿದ್ದಬೇಕು. ಸಣ್ಣ ಪ್ರಕಾಶಕರು ಆ ಖರ್ಚಿಗೆ ಹೆದರುತ್ತಾರೆ.

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಲ್ಲವೆಂದಲ್ಲ. ಬೆಂಗಳೂರಿನಲ್ಲೇ ನಡೆಯುತ್ತಿರುವ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಯೋಜನೆ ಸಾವಿರಾರು ಕನ್ನಡ ಪುಸ್ತಕಗಳನ್ನು ಇಂಟರ್‌ನೆಟ್ ಆರ್ಕೈವ್‌ಗೆ ಏರಿಸಿದೆ. ಸಂಶೋಧಕರಿಗೆ ಅದು ನಿಧಿ. ಆದರೆ ಆರು ಇಂಚಿನ ಇ-ರೀಡರ್‌ನಲ್ಲಿ ಸ್ಕ್ಯಾನ್ ಪುಟ ತೆರೆದು ನೋಡಿ: ಇಡೀ ಪುಟ ಒಂದು ಚಿತ್ರವಾಗಿ ಕುಗ್ಗಿರುತ್ತದೆ, ‘ಷ್ಟ್ರ’ದ ಕೆಳಗಿನ ಒತ್ತು ಮುಂದಿನ ಸಾಲಿನ ದೀರ್ಘಕ್ಕೆ ತಾಗಿದಂತೆ ಕಾಣುತ್ತದೆ. ದೊಡ್ಡದು ಮಾಡಿದರೆ ಸಾಲಿನ ಬಲತುದಿ ಪರದೆಯಾಚೆ ಹೋಗುತ್ತದೆ. ಎಡಕ್ಕೆ, ಬಲಕ್ಕೆ ಎಳೆಯುತ್ತ ಹತ್ತು ಪುಟ ಓದಬಹುದು, ಕಾದಂಬರಿ ಓದಲಾಗದು. ಅದಕ್ಕೆ ಹತ್ತು ಇಂಚಿನ ಟ್ಯಾಬ್ಲೆಟ್ಟೇ ಬೇಕು.

ಹಾಗಾಗಿ ಕನ್ನಡದ ಮಟ್ಟಿಗೆ ಇ-ರೀಡರ್ ಎಂದರೆ ಫೋನು. ಪವಮಾನ್ ಅಥಣಿ ಮತ್ತು ವಸಂತ ಶೆಟ್ಟಿ ಕಟ್ಟಿದ ಮೈಲ್ಯಾಂಗ್ ಆ್ಯಪ್ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕಗಳನ್ನು ಒಂದೇ ಕಡೆ ಮಾರುವ ಕೆಲಸ ಶುರು ಮಾಡಿ ಕೆಲವು ವರ್ಷಗಳಾದವು. ಗೂಗಲ್ ಪ್ಲೇನಲ್ಲೂ ಕನ್ನಡ ಪುಸ್ತಕಗಳಿವೆ. ಸಣ್ಣ ಕಥೆ, ಪ್ರಬಂಧ, ಇನ್ನೂರು ಪುಟದ ಕಾದಂಬರಿಗೆ ಅದು ಸಾಕು. ಏಳುನೂರು ಪುಟಕ್ಕೆ? ಪ್ರತಿ ಎರಡು ಪುಟಕ್ಕೆ ಒಂದು ವಾಟ್ಸ್‌ಆ್ಯಪ್ ಸಂದೇಶ ಇಳಿಯುವ ಪರದೆಯ ಮೇಲೆ ಮಲೆನಾಡಿನ ಮಳೆ ಹಿಡಿಯುವುದಿಲ್ಲ.

ಕಾಗದದ ಓದು, ಪರದೆಯ ಓದುಗಳನ್ನು ಹೋಲಿಸಿ ಸಂಶೋಧನೆಗಳೂ ನಡೆದಿವೆ, ಅವು ಹೇಳುವುದು ಎರಡೂ ಬಣಗಳು ಬಯಸುವಷ್ಟು ಖಚಿತವಾಗಿಲ್ಲ. ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 2018ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಾಹಿತಿ ಪಠ್ಯಗಳಲ್ಲಿ ಕಾಗದ ಮುಂದಿತ್ತು, ಕಥೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ನಾರ್ವೆಯ ಆನ್ ಮಾಂಗೆನ್ ಮತ್ತು ಸಂಗಡಿಗರು 50 ಮಂದಿಗೆ 28 ಪುಟದ ಒಂದೇ ಕಥೆ ಕೊಟ್ಟರು, ಅರ್ಧ ಜನಕ್ಕೆ ಕಾಗದದಲ್ಲಿ, ಅರ್ಧ ಜನಕ್ಕೆ ಕಿಂಡಲ್‌ನಲ್ಲಿ. ಹೆಚ್ಚಿನ ಪರೀಕ್ಷೆಗಳಲ್ಲಿ ಇಬ್ಬರೂ ಸಮ. ಕಥೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ನಡೆಯಿತು ಎಂಬುದರಲ್ಲಿ ಮಾತ್ರ ಕಾಗದದವರು ಮೇಲು. 28 ಪುಟಕ್ಕೇ ಹೀಗಾದರೆ ನೂರು ಪುಟ ಬಿಟ್ಟು ಕಥೆ ಕೂಡಿಸುವ ಕುವೆಂಪು ಅವರ ಮುಂದೆ ಏನಾದೀತು ಎಂದು ಯಾರೂ ಅಳೆದಿಲ್ಲವಾದರೂ ಊಹೆ ಕಷ್ಟವಲ್ಲ.

ಕಾಗದ ಎಂದೊಡನೆ ನಗರದ ಪೂರ್ವ ಭಾಗದವರಿಗೆ ಇನ್ನೊಂದು ತೊಂದರೆ. ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಮತ್ತು ಪೇಟೆಗೆ 1949ರವರೆಗೆ ಬೇರೆ ಬೇರೆ ನಗರಸಭೆಗಳಿದ್ದವು. ಆ ಗೆರೆ ಕಾಗದದ ಮೇಲೆ ಅಳಿದರೂ ಪುಸ್ತಕದಂಗಡಿಗಳಲ್ಲಿ ಉಳಿದಿದೆ. ಕನ್ನಡದ ಮುದ್ರಣ, ಮಾರಾಟ ಬೆಳೆದದ್ದು ಬಳೇಪೇಟೆ, ಗಾಂಧಿನಗರ, ಬಸವನಗುಡಿಯ ಕಡೆ. ದಂಡಿನಲ್ಲಿ ಹಿಗಿನ್‌ಬಾಥಮ್ಸ್, ಸೆಲೆಕ್ಟ್, 2009ರಲ್ಲಿ ಮುಚ್ಚಿದ ಟಿ.ಎಸ್. ಶಾನಭಾಗರ ಪ್ರೀಮಿಯರ್, ಈಗಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್. ಅಂಗಡಿ ಇಟ್ಟವರಲ್ಲಿ ಕನ್ನಡಿಗರಿದ್ದರೂ ಕಪಾಟುಗಳಲ್ಲಿ ಇಂಗ್ಲಿಷ್‌ನದೇ ದರ್ಬಾರು. ಭಾರತೀಯ ಭಾಷೆಗಳಿಗೆ ಒತ್ತು ಕೊಡುವ ಆಟಗಲಾಟ ಇಂದಿರಾನಗರಕ್ಕೆ ಬಂದದ್ದು ಸಮಾಧಾನದ ಸಂಗತಿ. ಅಲ್ಲಿ ಸಿಗದಿದ್ದರೆ ಅಂಚೆಯಿದೆ: 2025ರ ಮೇ ತಿಂಗಳಿನಿಂದ ಬಂದಿರುವ ‘ಜ್ಞಾನ ಪೋಸ್ಟ್’ನಲ್ಲಿ 5 ಕಿಲೋವರೆಗಿನ ಪುಸ್ತಕದ ಕಟ್ಟು ₹100 ಮತ್ತು ತೆರಿಗೆಗೆ ಬರುತ್ತದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅದೇ ಪುಸ್ತಕದ ಇ-ಪ್ರತಿಗೆ ಶೇ 5.

ಕೊಂಡ ಕಾಗದ ಮನೆಯಲ್ಲೇ ಇರುತ್ತದೆ ಎಂಬುದೂ ಸಣ್ಣ ಮಾತಲ್ಲ. ಪರದೆಯ ಪುಸ್ತಕ ಹಾಗಲ್ಲ. 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಆರ್ವೆಲ್‌ನ ‘1984’ ಅನ್ನೇ ಓದುಗರ ಕಿಂಡಲ್‌ಗಳಿಂದ ಅಳಿಸಿ ನಗೆಪಾಟಲಾಗಿತ್ತು. ತಿಂಗಳ ಚಂದಾದ ಆಡಿಯೊ ಆ್ಯಪ್‌ಗಳಲ್ಲಂತೂ ಚಂದಾ ನಿಂತರೆ ಪುಸ್ತಕವೂ ನಿಂತಿತು. 29 ಗಂಟೆಯ ಕಾದಂಬರಿಯನ್ನು ಎರಡು ತಿಂಗಳಲ್ಲಿ ನಿಧಾನವಾಗಿ ಕೇಳುವವರು ಎರಡು ತಿಂಗಳ ಬಾಡಿಗೆ ಕಟ್ಟಬೇಕು.

ಕೆಲವರಿಗೆ ಈ ಆಯ್ಕೆಯ ಮಾತೇ ಐಷಾರಾಮ. ಇಂದಿರಾನಗರದ ಪಕ್ಕದ ಜೀವನ್‌ಬಿಮಾನಗರದಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್‌ನ ಕರ್ನಾಟಕ ಶಾಖೆಯಿದೆ. ದೃಷ್ಟಿಯಿಲ್ಲದ ಓದುಗರಿಗೆ ದಪ್ಪ ಕಾದಂಬರಿ ಬ್ರೈಲ್‌ನಲ್ಲಿ ಹಲವು ಸಂಪುಟಗಳ ಹೊರೆಯಾಗುತ್ತದೆ. ಧ್ವನಿಯೇ ಅವರ ದಾರಿ. ಅವರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಅಡ್ಡಿಯಾಗದಂತೆ 2012ರಲ್ಲೇ ಭಾರತದ ಕಾಯ್ದೆಗೆ ತಿದ್ದುಪಡಿ ಬಂತು. ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. ಕಾನೂನು ದಾರಿ ಬಿಟ್ಟಿದೆ, ಉದ್ದದ ಕನ್ನಡ ಪುಸ್ತಕಗಳನ್ನು ಓದಿ ಧ್ವನಿ ಮುದ್ರಿಸುವವರು ಬೇಕು.

ಸದ್ಯಕ್ಕೆ ತೀರ್ಮಾನ ಹೀಗೆ: ‘ಮಲೆಗಳಲ್ಲಿ ಮದುಮಗಳು’, ‘ಸ್ವಪ್ನ ಸಾರಸ್ವತ’ ಮೊದಲ ಸಲಕ್ಕೆ ಕಾಗದದಲ್ಲಿ, ಮನೆಯಲ್ಲಿ. ‘ಪರ್ವ’, ‘ದುರ್ಗಾಸ್ತಮಾನ’ ಒಳ್ಳೆಯ ಕಂಠ ಸಿಕ್ಕರೆ ದಾರಿಯಲ್ಲಿ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲೇ ಕೇಳಬೇಕು, ಅದೂ ವ್ಯಾಖ್ಯಾನದ ಜೊತೆ. ಒಮ್ಮೆ ಓದಿದ ಯಾವ ದೊಡ್ಡ ಕಾದಂಬರಿಯನ್ನಾದರೂ ಎರಡನೆಯ ಸಲ ಕಿವಿಯಲ್ಲಿ ಕೇಳಬಹುದು. ಆಗ ಹೆಸರುಗಳು ಕೈಕೊಡುವುದಿಲ್ಲ.

ಆಗಬೇಕಾದ ಕೆಲಸ ಎರಡಿವೆ. ದಪ್ಪ ಕಾದಂಬರಿ ಕೊಂಡವರಿಗೆ ಪ್ರಕಾಶಕರು ಸ್ವಲ್ಪ ಹಣ ಸೇರಿಸಿಕೊಂಡು ಅದರ ಯೂನಿಕೋಡ್ ಪ್ರತಿಯನ್ನೂ ಕೊಡಲಿ. ಮನೆಯಲ್ಲಿ ಕಾಗದ, ರೈಲಿನಲ್ಲಿ ಪರದೆ ಎಂದು ಒಂದೇ ಪುಸ್ತಕ ಎರಡೂ ಕಡೆ ನಡೆಯಲಿ. ಇನ್ನೊಂದು ಗ್ರಂಥಾಲಯ ಇಲಾಖೆಯದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಶೇ 6ರ ಗ್ರಂಥಾಲಯ ಕರ ಕಟ್ಟುತ್ತ ಬಂದವರು ಈ ನಗರದ ಜನ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಕೆ.ಆರ್. ಪುರ, ಮಹದೇವಪುರ ಈಗ ಪೂರ್ವ ಪಾಲಿಕೆಯಲ್ಲಿವೆ, ಶಿವಾಜಿನಗರ ಕೇಂದ್ರ ಪಾಲಿಕೆಯಲ್ಲಿದೆ. ಪಾಲಿಕೆ ಯಾವುದಾದರೂ ಕರ ಅದೇ. ಆ ಹಣದ ಒಂದು ಪಾಲಿನಲ್ಲಿ, ಹಕ್ಕುದಾರರಿಗೆ ಕೊಡಬೇಕಾದ್ದನ್ನು ಕೊಟ್ಟು, ಹತ್ತು ದೊಡ್ಡ ಕನ್ನಡ ಕಾದಂಬರಿಗಳನ್ನು ಪೂರ್ತಿ ಓದಿಸಿ ಧ್ವನಿ ಮುದ್ರಿಸಿ, ಗ್ರಂಥಾಲಯದ ಸದಸ್ಯತ್ವ ಇದ್ದವರಿಗೆಲ್ಲ ಕೇಳಲು ಕೊಡಬೇಕು. ಸರ್ಕಾರದ ಡಿಜಿಟಲ್ ಗ್ರಂಥಾಲಯ 2020ರಿಂದ ಇದೆ. ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಮುಂದಿನ ಬಾರಿ ತೆರಿಗೆ ಕಟ್ಟುವಾಗ ರಸೀದಿಯಲ್ಲಿ ಕರದ ಸಾಲುಗಳನ್ನು ಓದಿ, ನಿಮ್ಮ ಭಾಗದ ಶಾಖಾ ಗ್ರಂಥಾಲಯಕ್ಕೆ ಹೋಗಿ, ಈ ಬೇಡಿಕೆಯನ್ನು ಬರೆದು ಕೊಟ್ಟು ಬನ್ನಿ.